ಆಣೆ ಮಾಡಿಸಿ ಕೊಟ್ಟ ಕೋಳಿಗಳು

ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವವರು ಒಬ್ಬರೂ ಇರಲಿಲ್ಲ. ಬದುಕುತ್ತಿದ್ದದ್ದು ಮಾತ್ರ ಮೊಟ್ಟೆ ಮಾರಿಯೇ. ಆಲೂರಿನಿಂದ ಬಾಳ್ಳುಪೇಟೆ ಕಡೆಗೆ ಬರುವ ದಾರಿಯಲ್ಲಿ, ಗುಡ್ಡದ ಓರೆಯಲ್ಲಿ ನಮ್ಮ ಉದ್ದನೆಯ ಎರಡು ಷೆಡ್‌ಗಳಿದ್ದವು. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಯಜಮಾನರು ಶುರು ಮಾಡಿದ ಫಾರಂ ಅದು. ಬಾಳ್ಳುಪೇಟೆಗೆ ಹೋದರೆ ಅಂಗಡಿಯವರು ಎದುರಿಗೇ ಆಡಿಕೊಳ್ಳುತ್ತಿದ್ದರು. "ಏನ್ ಕಣಕ್ಕಾ, ಕೊರಳಲ್ಲಿ ಲಿಂಗ, ಹಿತ್ಲಲ್ಲಿ ಕೋಳಿ!" ನನಗೋ ಮೂಗಿನ ತುದಿಯಲ್ಲೇ ಸಿಟ್ಟು. "ನಿಮ್ಮ ಹಿತ್ಲಲ್ಲಿ ಏನೇನೈತೆ ಅಂತ ನಾನೂ ಹೇಳ್ಲಾ?" ಎಂದು ಕೇಳಿ, ತೂಕ ಮಾಡಿಸಿದ್ದ ಈರುಳ್ಳಿಯನ್ನು ಅಲ್ಲೇ ಬಿಟ್ಟು ಬಂದದ್ದೂ ಉಂಟು. ಮನೆಗೆ ಬಂದ ಮೇಲೆ ಸಾರಿಗೆ ಈರುಳ್ಳಿ ಇರುತ್ತಿರಲಿಲ್ಲ.

ಅಂಗಡಿಯವರ ಮಾತು ಹಾಗಿರಲಿ, ಅತ್ತೆಯನ್ನು ಒಪ್ಪಿಸಿದ್ದೇ ದೊಡ್ಡ ಕತೆ. ಅವರು ಲಿಂಗಪೂಜೆ ಆಗುವತನಕ ಬಾಯಿಗೆ ನೀರು ಹಾಕದವರು. ಇರುವೆ ಸಾಲು ಕಂಡರೆ ಪೊರಕೆ ಪಕ್ಕಕ್ಕಿಟ್ಟು, ಅವೆಲ್ಲ ದಾಟಿ ಹೋಗಲಿ ಎಂದು ಕಾಯುವವರು. ಅಷ್ಟು ಹೊತ್ತು ಮನೆ ಗುಡಿಸದೆ ಹಾಗೇ ಬಿದ್ದಿರುತ್ತಿತ್ತು, ನಾನು ಒಳಗೇ ಗೊಣಗುತ್ತಿದ್ದೆ. ಹುಂಜವಿಲ್ಲದೆ ಇಟ್ಟ ಮೊಟ್ಟೆಯಲ್ಲಿ ಜೀವ ಇರುವುದಿಲ್ಲ ಎಂದು ನಮ್ಮ ಯಜಮಾನರು ಮತ್ತೆ ಮತ್ತೆ ಹೇಳಿದ ಮೇಲೆ ಒಪ್ಪಿದರು. ಆದರೂ ಒಂದು ಮಾತು ತೆಗೆದುಕೊಂಡೇ ಒಪ್ಪಿದ್ದು: ನಮ್ಮ ಜಮೀನಿನ ಮೇಲೆ ಒಂದು ಕೋಳಿಯ ಕತ್ತನ್ನೂ ಮುರಿಯಬಾರದು. ಮೊಟ್ಟೆ ನಿಲ್ಲಿಸಿದ ಮುದಿ ಕೋಳಿಗಳನ್ನು ತುಂಬಿಕೊಳ್ಳಲು ಲಾರಿ ಬಂದ ದಿನ ಅವರು ಪೂಜೆ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಲಾರಿ ಎಲ್ಲಿಗೆ ಹೋಗುತ್ತದೆ ಎಂದು ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ನಾಲ್ಕಾರು ವರ್ಷ ಹೀಗೇ ನಡೆಯಿತು. ಆಮೇಲೆ ಒಂದು ಮಳೆಗಾಲದಲ್ಲಿ ಕೆಳಗಿನ ಷೆಡ್ಡಿನ ಒಂದು ಸಾಲಿನ ಕೋಳಿಗಳು ರೆಕ್ಕೆ ಇಳಿಬಿಟ್ಟು ಕೂರತೊಡಗಿದವು. ಜುಟ್ಟು ಬಿಳಿಚಿಕೊಂಡಿತ್ತು, ಹಿಕ್ಕೆ ಹಳದಿ ಹಸಿರಾಗಿ ನೀರಾಡುತ್ತಿತ್ತು. ಬೆಳಿಗ್ಗೆ ಹೋದರೆ ಒಂದಷ್ಟು ಸತ್ತು ಬಿದ್ದಿರುತ್ತಿದ್ದವು. ಪಶುವೈದ್ಯರು ಬಂದು ನೋಡಿ "ಟೈಫಾಯ್ಡ್" ಎಂದರು. ನನಗೆ ತಲೆಬುಡ ಅರ್ಥವಾಗಲಿಲ್ಲ. "ಹೋದ ವರ್ಷ ಇವರಿಗೆ ಟೈಫಾಯ್ಡ್ ಆಗಿತ್ತಲ್ಲ ಸಾರ್, ಅದೇ ಏನು?" ಎಂದು ಯಜಮಾನರ ಕಡೆ ಕೈ ತೋರಿಸಿ ಕೇಳಿದೆ. ವೈದ್ಯರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅದೇ ಬೇರೆ, ಇದೇ ಬೇರೆ ಕಣಮ್ಮ. ಇದು ಕೋಳಿಗೆ ಬರೋದು." ಯಜಮಾನರು ಅವತ್ತೆಲ್ಲ ನನ್ನ ಜೊತೆ ಮಾತಾಡಲಿಲ್ಲ.

ಔಷಧಿ ಕೊಟ್ಟ ಮೇಲೆ ಸಾವು ನಿಂತಿತು. ಆದರೆ ವೈದ್ಯರು ಒಂದು ಮಾತನ್ನು ಒತ್ತಿ ಹೇಳಿದ್ದರು. "ಬದುಕಿದಾವೆ ಅಂತ ಆ ಸಾಲಿನ ಕೋಳಿ ಇಟ್ಕೋಬೇಡಿ. ಹೊರಗಿಂದ ಚೆನ್ನಾಗೇ ಕಾಣ್ತವೆ, ಮೊಟ್ಟೆನೂ ಇಡ್ತವೆ. ಒಳಗೆ ರೋಗ ಇಟ್ಕೊಂಡೇ ಇರ್ತವೆ. ಎಲ್ಲಾ ಮುಗಿಸಿ ಗುಂಡಿಗೆ ಹಾಕಿ, ಮೇಲೆ ಸುಣ್ಣ ಸುರೀರಿ." ಅತ್ತೆಗೆ ಕೊಟ್ಟ ಮಾತು ಮುರಿಯುವ ದಿನ ಬಂದಿತ್ತು. ಯಜಮಾನರು ಆಳಿಗೆ ಕೆಲಸ ಹೇಳಿ ತಾವು ಹಾಸನಕ್ಕೆ ಹೊರಟುಹೋದರು. ನಾನು ಅಡುಗೆಮನೆಯಲ್ಲಿ ರೇಡಿಯೋ ಜೋರಾಗಿ ಹಾಕಿಕೊಂಡು ರೊಟ್ಟಿ ತಟ್ಟುತ್ತಾ ಕೂತೆ. ಸಂಜೆ ಹೋಗಿ ನೋಡಿದರೆ ಗುಂಡಿ ಮುಚ್ಚಿತ್ತು, ಮೇಲೆ ಸುಣ್ಣ ಬೆಳ್ಳಗಿತ್ತು. ಯಾರು ಕೆದಕಿ ನೋಡುತ್ತಾರೆ!

ಕಾಫಿ ಕುಯ್ಲು ಶುರುವಾಗುವ ಹೊತ್ತಿಗೆ ಬಾಳ್ಳುಪೇಟೆಯ ದೊಡ್ಡ ಫಾರಂನಲ್ಲಿ ಕೋಳಿ ಸಾಯುತ್ತಿವೆ ಎಂಬ ಸುದ್ದಿ ಬಂತು. ಸ್ವಲ್ಪ ದಿನಕ್ಕೆ ಹೆತ್ತೂರಿನ ಫಾರಂನಲ್ಲೂ ಅದೇ. ಎರಡು ಕಡೆಯವರೂ ಕೂಡಿ ಮೊಟ್ಟೆ ಗಾಡಿಯವನ ತಲೆ ಮೇಲೆ ಗೂಬೆ ಕೂರಿಸಿದರು. ಅವನು ಆಲೂರಿನವನು. ಒಂದು ಹಳೇ ವ್ಯಾನ್ ಇಟ್ಟುಕೊಂಡು ನಮ್ಮಲ್ಲಿ, ಬಾಳ್ಳುಪೇಟೆಯಲ್ಲಿ, ಹೆತ್ತೂರಿನಲ್ಲಿ ಮೊಟ್ಟೆ ಎತ್ತಿ ಅಂಗಡಿಗಳಿಗೆ ಹಾಕುವುದೇ ಅವನ ಬದುಕು. ಮೂರೂ ಫಾರಂಗಳಿಗೆ ಹೋಗುವವನು ಅವನೊಬ್ಬನೇ, ಹಾಗಾಗಿ ಮೊಟ್ಟೆ ಟ್ರೇಗಳ ಜೊತೆ ರೋಗವನ್ನೂ ಹೊತ್ತು ತಂದವನು ಅವನೇ ಎಂದು ಎಲ್ಲರೂ ತೀರ್ಮಾನ ಮಾಡಿಬಿಟ್ಟರು. ಎರಡು ಗೇಟುಗಳು ಅವನಿಗೆ ಮುಚ್ಚಿದವು. ನಮ್ಮದೊಂದೇ ತೆರೆದಿತ್ತು. ಒಂದು ಫಾರಂನ ಮೊಟ್ಟೆಯಿಂದ ವ್ಯಾನಿನ ಅರ್ಧವೂ ತುಂಬುತ್ತಿರಲಿಲ್ಲ.

ಅವನು ನನ್ನನ್ನು ಅಕ್ಕ ಎನ್ನುತ್ತಿದ್ದ. ಗೌರಿ ಹಬ್ಬಕ್ಕೆ ಹಣ್ಣು ಕಾಯಿ ತಂದುಕೊಡುತ್ತಿದ್ದ, ನಾನು ಬೈದರೆ ನಗುತ್ತಿದ್ದ. ಅವತ್ತು ನಗಲಿಲ್ಲ. "ಅಕ್ಕಾ, ರೋಗ ಕಣ್ಗೆ ಕಾಣಾಕಿಲ್ಲ. ನಾನು ತಂದಿಲ್ಲ ಅಂತ ಹೆಂಗ್ ತೋರ್ಸ್ಲಿ? ಹಿಂಗೇ ಆದ್ರೆ ಗಾಡಿ ಮಾರ್ಬೇಕಾಯ್ತದೆ. ಗಾಡಿ ಬುಟ್ರೆ ನಂಗೆ ಬೇರೆ ಏನು ಗೊತ್ತೈತೆ?" "ಸುಮ್ನಿರೋ ಮಾರಾಯ, ಎಲ್ಲಾ ಸರಿಯಾಯ್ತದೆ" ಎಂದೆ. ಏನು ಸರಿಯಾಗುತ್ತದೆ, ಹೇಗೆ ಸರಿಯಾಗುತ್ತದೆ ಎಂದು ಕೇಳಿದ್ದರೆ ಬೆಬ್ಬೆಬ್ಬೆ ಅನ್ನಬೇಕಿತ್ತು.

ಆ ಸಮಯಕ್ಕೇ ಒಬ್ಬ ಹುಡುಗಿ ಡಾಕ್ಟರು ಬಂದಳು. ಕೋಳಿ ರೋಗದ ಮೇಲೆ ದೊಡ್ಡ ಓದು ಓದುತ್ತಿದ್ದವಳು, ಊರಿನ ವೈದ್ಯರೇ ಕರೆಸಿದ್ದರು. ನಾನು ಅವಳನ್ನು ಡಾಕ್ಟ್ರಮ್ಮ ಎನ್ನುತ್ತಿದ್ದೆ. ಸತ್ತ ಕೋಳಿಯ ಒಳಗಿನಿಂದ ರೋಗಾಣು ತೆಗೆದು, ಅದರ ಜೀನು ನೋಡಿದರೆ ಯಾವ ಫಾರಂನ ರೋಗಕ್ಕೆ ಯಾವ ಫಾರಂನದು ನೆಂಟ ಎಂದು ಗೊತ್ತಾಗುತ್ತದಂತೆ. ಮನುಷ್ಯರ ನೆಂಟಸ್ತಿಕೆಯೇ ನನಗೆ ನೆನಪಿರುವುದಿಲ್ಲ, ರೋಗಾಣುವಿಗೂ ದಾಯಾದಿಗಳೇ ಎಂದು ಪಿಳಿಪಿಳಿ ಕಣ್ಣು ಬಿಟ್ಟೆ. ಮೊಟ್ಟೆ ಗಾಡಿಯವನಿಗೆ ಮಾತ್ರ ಜೀವ ಬಂದ ಹಾಗಾಯಿತು. "ನನ್ನ ಟ್ರೇನೂ ನೋಡ್ರಿ, ಗಾಡಿನೂ ನೋಡ್ರಿ ಡಾಕ್ಟ್ರಮ್ಮಾರೆ" ಎಂದು ಕೈಮುಗಿದ. ಅವಳು ನಾಳೆ ನೋಡುತ್ತೇನೆ ಎಂದಳು.

ಆ ನಾಳೆಯೊಳಗೆ ಆ ಪುಣ್ಯಾತ್ಮ ಏನು ಮಾಡಿದ ಗೊತ್ತೇ? ದೊಡ್ಡ ಓದಿನ ಡಾಕ್ಟರು ನೋಡುತ್ತಾರೆ, ಕೊಳಕಾಗಿದ್ದರೆ ಮರ್ಯಾದೆ ಹೋಗುತ್ತದೆ ಎಂದು ಹೆಂಡತಿಯನ್ನೂ ಕೂರಿಸಿಕೊಂಡು ಬ್ಲೀಚಿಂಗ್ ಪೌಡರ್ ಹಾಕಿ ಅಷ್ಟೂ ಟ್ರೇಗಳನ್ನು ಉಜ್ಜಿ ತೊಳೆದಿದ್ದ. ವ್ಯಾನಿನ ಒಳಗೂ ಹೊರಗೂ ತೊಳೆದಿದ್ದ. ಡಾಕ್ಟ್ರಮ್ಮ ನೋಡಿ ಹಣೆ ಚಚ್ಚಿಕೊಂಡಳು. ಅವನು ಹೆಮ್ಮೆಯಿಂದ ನಿಂತಿದ್ದವನು ಯಾಕೆಂದು ಅರ್ಥವಾಗದೆ ನನ್ನ ಮುಖ ನೋಡಿದ. ನನಗೂ ಆಗ ಅರ್ಥವಾಗಿರಲಿಲ್ಲ.

ಕಾಫಿ ಹೂ ಬಿಡುವ ಕಾಲಕ್ಕೆ ಅವಳು ಪರೀಕ್ಷೆಯ ಫಲ ಹಿಡಿದುಕೊಂಡು ಬಂದಳು. ನಮ್ಮ ಜಗುಲಿಯ ಮೇಲೆ ಬಾಳ್ಳುಪೇಟೆ ಫಾರಂನ ಯಜಮಾನರೂ ಇದ್ದರು. ಮೊಟ್ಟೆ ಗಾಡಿಯವನು ಕೆಳಗೆ ಅಂಗಳದಲ್ಲಿ ನಿಂತಿದ್ದ. ಅವಳು ತೋರಿಸಿದ್ದು ಒಂದು ಫೋಟೋ. ಕಪ್ಪು ಹಾಳೆಯ ಮೇಲೆ ವಿಭೂತಿ ಬಳಿದ ಹಾಗೆ ಬಿಳಿ ಬಿಳಿ ಪಟ್ಟೆಗಳು. "ಇದು ನಿಮ್ಮ ಫಾರಂನದು, ಮಳೆಗಾಲದಲ್ಲಿ ಸತ್ತ ಕೋಳಿಯಿಂದ ನಿಮ್ಮ ಡಾಕ್ಟ್ರು ತೆಗೆದಿಟ್ಟಿದ್ದು. ಇದು ಬಾಳ್ಳುಪೇಟೆದು, ಇದು ಹೆತ್ತೂರಿಂದು. ಪಟ್ಟೆ ಒಂದೇ ಥರ ಇದಾವೆ ನೋಡಿ. ಇಲ್ಲಿ ಕೊನೇದು ಅರಸೀಕೆರೆ ಕಡೆಯ ಫಾರಂನದು, ಅದರ ಪಟ್ಟೆನೇ ಬೇರೆ. ಅಂದ್ರೆ ನಿಮ್ಮ ಮೂರು ಕಡೆದೂ ಒಂದೇ ವಂಶ" ಎಂದಳು.

"ಮೂರೂ ಕಡೆ ಹೋಗೋನು ಯಾರು? ಇವ್ನೇ ತಾನೆ!" ಎಂದು ಬಾಳ್ಳುಪೇಟೆಯವರು ಎದ್ದು ನಿಂತರು.

"ಸ್ವಲ್ಪ ಇರಿ" ಎಂದಳು ಡಾಕ್ಟ್ರಮ್ಮ. "ಒಂದೇ ವಂಶ ಅಂತ ಮಾತ್ರ ಈ ಫೋಟೋ ಹೇಳುತ್ತೆ. ಯಾರಿಂದ ಯಾರಿಗೆ ಹೋಯ್ತು, ಯಾರು ತಗೊಂಡು ಹೋದ್ರು ಅಂತ ಹೇಳಲ್ಲ."

"ಅವನ ಟ್ರೇನಲ್ಲಿ?" ಎಂದೆ ನಾನು.

"ಏನೂ ಸಿಗಲಿಲ್ಲ. ಆದ್ರೆ ತೊಳೆದಿದ್ದಕ್ಕೆ ಸಿಗಲಿಲ್ವೋ, ಮೊದಲೇ ಇರಲಿಲ್ವೋ, ನಾನು ಹೇಳೋಕಾಗಲ್ಲ."

ಬಾಳ್ಳುಪೇಟೆಯವರು ನಕ್ಕರು. "ಕಳ್ಳತನ ಮಾಡ್ದೋನು ತಾನೆ ಗುರುತು ಅಳಿಸೋದು?" ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದು ಅನ್ನೋಣವೆಂದರೆ ಏನು ಅನ್ನುವುದು? ಅವನು ತಂದಿಲ್ಲ ಎನ್ನಲು ನನ್ನ ಹತ್ತಿರ ಏನಿತ್ತು? ಒಳಗೊಳಗೇ ನನಗೂ ಅನುಮಾನ ಬಂದು, ಅನುಮಾನ ಬಂದದ್ದಕ್ಕೇ ಮತ್ತೆ ಸಿಟ್ಟು ಬಂದು, ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಅವನು ಅಂಗಳದಲ್ಲಿ ತಲೆ ತಗ್ಗಿಸಿಕೊಂಡು ನಿಂತೇ ಇದ್ದ.

ಅದಾದ ವಾರದಲ್ಲೇ ಹೊಂಗಡಹಳ್ಳದ ಒಂದು ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೂಲಿ ಮನೆಗಳ ಸಾಲಿನಲ್ಲಿ, ಅವರ ನಾಟಿ ಕೋಳಿಗಳು ಸಾಯುತ್ತಿವೆ ಎಂದು ವೈದ್ಯರಿಗೆ ಗೊತ್ತಾಯಿತು. ಡಾಕ್ಟ್ರಮ್ಮ ಜೊತೆಗೆ ಬನ್ನಿ ಎಂದು ನನ್ನನ್ನು ಕರೆದಳು, ಪಟ್ಟಣದವಳಿಗೆ ಲೈನಿನ ಹೆಂಗಸರು ಬಾಯಿ ಬಿಡುವುದಿಲ್ಲ ಎಂದು. ಸಕಲೇಶಪುರ, ಹೆತ್ತೂರು ದಾಟಿ ಬಿಸಿಲೆ ಕಡೆಯ ದಾರಿ. ಅಲ್ಲಿ ಫಾರಂ ಇಲ್ಲ, ಮೊಟ್ಟೆ ಗಾಡಿ ಯಾವತ್ತೂ ಹೋಗಿದ್ದಿಲ್ಲ. ಅಲ್ಲಿಗೆ ಹೇಗೆ ಹೋಯಿತು ಈ ರೋಗ ಎಂದು ಯೋಚಿಸುತ್ತಾ ಲೈನಿನ ಮುಂದೆ ಇಳಿದರೆ, ಕೆಂಚು ಕಪ್ಪು ಕೋಳಿಗಳ ಮಧ್ಯೆ ಒಂದು ಬಿಳಿ ಕೋಳಿ ಕೆದಕುತ್ತಾ ಇತ್ತು. ಹತ್ತಿರ ಹೋಗಿ ನೋಡಿದೆ. ಕೊಕ್ಕಿನ ತುದಿ ಕತ್ತರಿಸಿತ್ತು. ಒಂದನ್ನೊಂದು ಕುಕ್ಕದಿರಲಿ ಎಂದು ಫಾರಂನವರು ಮಾತ್ರ ಹಾಗೆ ಕತ್ತರಿಸುವುದು.

ಲೈನಿನ ಹೆಂಗಸು ಹೊರಗೆ ಬಂದವಳು ನನ್ನನ್ನು ನೋಡಿ ಮುಖ ಅರಳಿಸಿದಳು. ಮಳೆಗಾಲದಲ್ಲಿ ಅವರೆಲ್ಲ ನಮ್ಮ ಪಕ್ಕದ ಎಸ್ಟೇಟಿನ ಲೈನಿನಲ್ಲಿದ್ದವರು, ಮಜ್ಜಿಗೆಗೆಂದು ನಮ್ಮ ಮನೆಗೆ ಬರುತ್ತಿದ್ದವರು. ಕುಯ್ಲಿಗೆ ಎಸ್ಟೇಟ್ ಬದಲಿಸುವಾಗ ಪಾತ್ರೆ ಪಗಡೆ ಜೊತೆ ಕೋಳಿ ಬುಟ್ಟಿಯನ್ನೂ ಹೊತ್ತುಕೊಂಡು ಹೋಗುವುದು ಅವರ ರೂಢಿ. ಕೆಲವರು ಹೆತ್ತೂರಿನ ಫಾರಂ ಪಕ್ಕದ ಎಸ್ಟೇಟಿಗೆ, ಕೆಲವರು ಇಲ್ಲಿಗೆ ಬಂದಿದ್ದರು. ಒಬ್ಬಳು ಬಾಳ್ಳುಪೇಟೆ ಫಾರಂನಲ್ಲೇ ಕೋಳಿಗೆ ಫೀಡ್ ಹಾಕುವ ಕೆಲಸಕ್ಕೆ ಸೇರಿದ್ದಳು.

"ಈ ಕೋಳಿ ಎಲ್ಲಿಂದೇ?" ಎಂದೆ.

"ಅಯ್ಯೋ, ನಿಮ್ಮ ಅತ್ತೆ ಅಮ್ಮಾರೇ ಕೊಟ್ಟಿದ್ದಲ್ವಾ! ಆಳು ಕತ್ತು ಮುರ್ಯಾಕೆ ಹೊಂಟಿದ್ನಂತೆ. ಅವ್ನ ಕೈಯಿಂದ ಬುಡಿಸ್ಕೊಂಡು ನಮ್ಗೆಲ್ಲಾ ಒಂದೊಂದು ಎಲ್ಡೆಲ್ಡು ಕೊಟ್ರು. ಕುಯ್ಯಾಕಿಲ್ಲ, ಸಾಕ್ತೀವಿ ಅಂತ ಶಿವನ ಆಣೆ ಮಾಡಿಸ್ಕೊಂಡ್ರು. ನೋಡಿ, ಎಷ್ಟ್ ಚೆಂದಾಗಿ ಸಾಕಿವ್ನಿ!"

ಗುಂಡಿಯಲ್ಲಿದ್ದದ್ದು ಬರೀ ಸುಣ್ಣ ಹಾಗಾದರೆ! ಡಾಕ್ಟ್ರಮ್ಮ ಮೆಲ್ಲಗೆ ಹೇಳಿದಳು, "ಅವತ್ತೇ ಕುಯ್ದು ಸಾರು ಮಾಡ್ಕೊಂಡಿದ್ರೆ ಒಲೆ ಬೆಂಕಿಗೇ ರೋಗಾಣು ಸತ್ತೋಗ್ತಿತ್ತು. ಮಾತು ಉಳಿಸ್ಕೊಂಡು ಸಾಕಿದಾರಲ್ಲ, ಅದೇ ಹರಡಿರೋದು." ಕೊಲ್ಲಬೇಡಿ ಎಂದವರಿಂದ ಅಷ್ಟು ಕೋಳಿ ಸತ್ತವೇ? ಹಾಗಾದರೆ ಕೊಂದಿದ್ದರೆ ಪುಣ್ಯವೇ? ಹುಟ್ಟಿದಾಗಿನಿಂದ ಕೇಳಿಕೊಂಡು ಬಂದದ್ದೆಲ್ಲ ನನ್ನ ತಲೆಯಲ್ಲಿ ಮಗುಚಿ ಬಿತ್ತು. ಬಿಳಿ ಕೋಳಿಗಳನ್ನೆಲ್ಲ ಕೊಟ್ಟುಬಿಡಿ, ಸುಡಬೇಕು ಎಂದು ಡಾಕ್ಟ್ರಮ್ಮ ಕೇಳಿದಳು. ಹೆಂಗಸರು ಕೋಳಿಗಳನ್ನು ಬಾಚಿ ತಬ್ಬಿಕೊಂಡರು. "ಆಣೆ ಮಾಡಿದೀವಿ. ಅಮ್ಮಾರು ಹೇಳ್ದೆ ಕೊಡಾಕಿಲ್ಲ."

ಮನೆಗೆ ಬಂದು ಯಜಮಾನರಿಗೆ ಹೇಳಿದರೆ ಅವರು ಎದ್ದು ಹೋಗಿ ಜಗುಲಿ ಬಾಗಿಲು ಹಾಕಿದರು. "ಅಮ್ಮನ ಹೆಸರು ಹೊರಗೆ ಬರಕೂಡದು. ಈ ವಯಸ್ಸಲ್ಲಿ ಊರೋರ ಬಾಯಿಗೆ ಬೀಳ್ಬೇಕಾ ಅವರು?"

"ಗಾಡಿಯವ್ನು ಆಗ್ಲೇ ಬಿದ್ದವ್ನೆ ಅಲ್ವೇನ್ರೀ! ಅವ್ನ ಗಾಡಿ ಮಾರೋಗ್ತದೆ ಕಣ್ರೀ! ಅವ್ನಿಗೆ ಹೆಸರಿಲ್ವಾ?" ಎಂದು ಕಿರುಚಿದೆ. ಕಿರುಚಾಟ ಕೇಳಿ ಅತ್ತೆ ಪೂಜೆ ಕೋಣೆಯಿಂದ ಹೊರಗೆ ಬಂದರು. ಏನೆಂದು ಕೇಳಿದರು. ಯಜಮಾನರು ಬೇಡ ಬೇಡ ಎಂದು ಕಣ್ಣಲ್ಲೇ ಹೇಳುತ್ತಿದ್ದರೂ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಪಟ್ಟೆಯ ಫೋಟೋ ವಿಷಯ ಅವರಿಗೆ ಎಷ್ಟು ತಿಳಿಯಿತೋ. ಸೆರಗು ಹೊದ್ದುಕೊಂಡು ಕಂಬಕ್ಕೆ ಒರಗಿ ಕೂತರು. ಆಮೇಲೆ "ಮತ್ತೆ ಆ ಗಾಡಿಯವ್ನಿಗೆ ಯಾಕೆ ಬಯ್ತಾವ್ರೆ? ಅವ್ನು ಕೊಟ್ಟಿದ್ನಾ?" ಎಂದರು.

ಮರುದಿನ ಅವರೇ ಅವನ ವ್ಯಾನ್ ಕರೆಸಿದರು. ಮೊಟ್ಟೆ ವಾಸನೆಗೆ ಯಾವಾಗಲೂ ಮೂಗು ಮುಚ್ಚಿಕೊಳ್ಳುತ್ತಿದ್ದವರು ಮುಂದಿನ ಸೀಟಿನಲ್ಲಿ ಕೂತರು. ನಾನೂ ಪಕ್ಕದಲ್ಲಿ ಒತ್ತರಿಸಿಕೊಂಡೆ. ಹೊಂಗಡಹಳ್ಳದ ಲೈನಿನಲ್ಲಿ ಡಾಕ್ಟ್ರಮ್ಮ ಜನರನ್ನು ಕರೆದುಕೊಂಡು ಮೊದಲೇ ಬಂದಿದ್ದಳು. ಹೆಂಗಸರು ಕೋಳಿ ಹಿಡಿದುಕೊಂಡು ಸಾಲಾಗಿ ನಿಂತರು. "ನೀವೇ ಬಾಯ್ಬುಟ್ಟು ಹೇಳ್ರಮ್ಮಾರೆ, ಆಗ ಕೊಡ್ತೀವಿ" ಎಂದಳು ಮುಂದಿದ್ದವಳು. ಅತ್ತೆ ಅವಳ ಕೈಯಲ್ಲಿದ್ದ ಕೋಳಿಯ ಬೆನ್ನು ಸವರಿದರು. ನಾನು ಹೇಳಿಬಿಡಲೇ ಅನ್ನಿಸಿತು. ಆದರೆ ಆಣೆ ಮಾಡಿಸಿಕೊಂಡವಳು ನಾನಲ್ಲವಲ್ಲ. ಕೊನೆಗೆ "ಕೊಡ್ರವ್ವಾ. ಸಾಯಿಸ್ಲಿ. ನಿಮ್ ಆಣೆ ನನ್ ಮ್ಯಾಲೆ ಬರ್ಲಿ" ಎಂದರು. ಎಲ್ಲ ಮುಗಿಯುವತನಕ ಅಲ್ಲೇ ನಿಂತು ನೋಡಿದರು. ಬನ್ನಿ ಎಂದು ಕೈ ಹಿಡಿದರೆ ಕೊಸರಿಕೊಂಡರು. ಅವತ್ತು ಅವರು ಊಟ ಮಾಡಲಿಲ್ಲ.

ಹೆತ್ತೂರಿಗೂ ಹೋಗಿ ಹೀಗೇ ಮಾಡಿದೆವು. ಅಲ್ಲಿನ ಫಾರಂನ ಯಜಮಾನರು ಊರಲ್ಲಿರಲಿಲ್ಲ. ಅಲ್ಲಿಂದ ನೇರ ಬಾಳ್ಳುಪೇಟೆ ಫಾರಂನ ಗೇಟಿಗೆ ಬಂದೆವು. ಬಾಳ್ಳುಪೇಟೆಯವರು ಬಂದು ಅತ್ತೆಯನ್ನು ಕಂಡು ಗಾಬರಿಯಾಗಿ ಗೇಟು ತೆಗೆದರು. ಅತ್ತೆ ಒಳಗೆ ಕಾಲಿಡದೆ ಹೇಳಿದರು. "ರೋಗದ ಕೋಳಿ ಕೊಟ್ಟೋಳು ನಾನು ಕಣಪ್ಪ. ನಿಮ್ ಫಾರಂಗೆ ತಂದಿದ್ದು ಇವ್ನಲ್ಲ. ನಿಮ್ಮಲ್ಲಿ ಫೀಡ್ ಹಾಕ್ತಾಳಲ್ಲ, ಅವ್ಳಿಗೂ ನಾನೇ ಕೊಟ್ಟಿದ್ದೆ. ಕೇಳಿ ಬೇಕಾದ್ರೆ."

ಆ ಹೆಂಗಸನ್ನು ಕರೆಸಿದರು. ಫಾರಂನಲ್ಲಿ ಕೆಲಸ ಮಾಡುವವರು ಮನೆಯಲ್ಲಿ ಕೋಳಿ ಸಾಕಕೂಡದು ಎಂದು ಅವರ ಕಟ್ಟಪ್ಪಣೆಯಿತ್ತು. ಸಾಕಿದ್ದು ಗೊತ್ತಾದರೆ ಕೆಲಸ ಹೋಗುತ್ತದೆ. ಅವಳು ಅತ್ತೆಯ ಮುಖ ನೋಡಿದಳು, ಫಾರಂ ಯಜಮಾನರ ಮುಖ ನೋಡಿದಳು. "ನಂಗೇನೂ ಗೊತ್ತಿಲ್ಲ ಸ್ವಾಮಿ. ಅಮ್ಮಾರು ಮಜ್ಜಿಗೆ ಕೊಡ್ತಿದ್ರು, ಅಷ್ಟೇಯಾ" ಎಂದಳು. ಅವಳ ಮನೆಗೇ ಹೋಗಿ ನೋಡಬಹುದಿತ್ತು, ನೋಡಿದರೂ ಏನು? ಅವರ ಫಾರಂನ ಕೋಳಿಯೂ ಬಿಳಿ, ಅವುಗಳ ಕೊಕ್ಕೂ ಕತ್ತರಿಸಿದ್ದೇ. ಕದ್ದಳು ಅನ್ನುತ್ತಿದ್ದರು.

ಬಾಳ್ಳುಪೇಟೆಯವರು ಬಗ್ಗಿ ಅತ್ತೆಯ ಕಾಲು ಮುಟ್ಟಿದರು. "ನೀವು ದೊಡ್ಡೋರು ಅಮ್ಮಾರೆ. ಇರುವೆಗೂ ದಾರಿ ಬುಡೋರು. ಈ ಬಡವನ್ನ ಉಳಿಸಾಕೆ ಇಲ್ಲದ ತಪ್ಪು ಮೈಮ್ಯಾಲೆ ಹಾಕ್ಕೊಂಡು ಬಂದಿದೀರ. ನಿಮ್ಮಂಥೋರು ಇರೋದ್ರಿಂದ್ಲೇ ಮಳೆ ಬೆಳೆ ಆಯ್ತಾ ಇರೋದು" ಎಂದರು. ನಾನು ಡಾಕ್ಟ್ರಮ್ಮನ ಹೆಸರು ಹೇಳಿದೆ, ಹೊಂಗಡಹಳ್ಳದ ಕತೆ ಹೇಳಿದೆ, ಕೂಗಾಡಿದೆ. "ಫೋಟೋ ಎಲ್ಲಾದೂ ಒಂದೇ ಅಂತ ತಾನೇ ಅಕ್ಕಾ ಹೇಳೋದು?" ಎಂದು ನಕ್ಕರು. ಅತ್ತೆಗೆ ಎಳನೀರು ತರಿಸಿದರು. ವ್ಯಾನನ್ನು ಒಳಗೆ ಬಿಡಲಿಲ್ಲ.

ವಾಪಸು ಹೊರಟೆವು. ಆಲೂರಿನ ತಿರುವಿನಲ್ಲಿ ಅತ್ತೆ ಅಳತೊಡಗಿದರು. "ನಾನೇ ಮಾಡ್ದೆ ಅಂದ್ರೂ ನಂಬಾಕಿಲ್ವಲ್ಲೋ ಇವ್ರು!" ಅವನು ರಸ್ತೆ ನೋಡುತ್ತಲೇ ಹೇಳಿದ, "ನಾನು ಮಾಡಿಲ್ಲ ಅಂದ್ರೂ ನಂಬಾಕಿಲ್ಲ. ಬುಡಿ ಅಮ್ಮಾರೆ, ಅಳ್ಬೇಡಿ."

ಆ ಬೇಸಿಗೆಯಲ್ಲೇ ಅವನು ಗಾಡಿ ಮಾರಿದ. ಕೊಂಡವನು ಮಂಗಳೂರು ಕಡೆಗೆ ತರಕಾರಿ ಲೋಡು ಹೊಡೆಯುವವನಂತೆ. ಗಾಡಿ ಕೊಡುವ ಹಿಂದಿನ ದಿನ ನಮ್ಮ ಖಾಲಿ ಟ್ರೇಗಳನ್ನು ತಂದು ಗೇಟಿನ ಹೊರಗೇ ಜೋಡಿಸಿಟ್ಟ. "ಯಾಕೋ, ಒಳಗೆ ಬಾರೋ, ಕಾಫಿ ಕುಡ್ಕೊಂಡ್ ಹೋಗು" ಎಂದೆ.

"ಬ್ಯಾಡಕ್ಕಾ. ಇನ್ನೂ ಕಾಲು ತೊಳ್ದಿಲ್ಲ" ಎಂದ.

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅವನು ಷೆಡ್ಡುಗಳ ಕಡೆ ನೋಡುತ್ತಿದ್ದ. ದನಿ ತಗ್ಗಿಸಿ ಕೇಳಿದ, "ಅಕ್ಕಾ, ಬೇಜಾರ್ ಮಾಡ್ಕೋಬ್ಯಾಡಿ. ನಿಜ ಹೇಳಿ. ನಾನೂ ಒಂಚೂರು ತಂದಿರ್ಬೋದಾ?"

"ಇಲ್ಲ ಕಣೋ! ಇಲ್ಲ ಅಂದ್ನಲ್ಲ!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದೆ.

ಅವನು ತಲೆಯಾಡಿಸಿದ. ಟ್ರೇಗಳನ್ನು ಮುಟ್ಟಿದ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ, ಗೇಟಿನಿಂದ ಎರಡು ಮಾರು ದೂರ ಸರಿದು ನಿಂತ.